ಸಹಿ ಹಾಕದ ಜಾಮೀನುದಾರ

ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿದವನಿಗೆ ಜಾಮೀನು ಅನ್ನೋ ಮಾತು ಬಹಳ ಹಳೆಯ ಪರಿಚಯ. 1872ರ ಕರಾರು ಕಾಯ್ದೆಯ 126ನೇ ಕಲಮಿನ ಪ್ರಕಾರ ಜಾಮೀನಿನಲ್ಲಿ ಮೂವರು ಇರುತ್ತಾರೆ: ಸಾಲ ಕೊಟ್ಟವನು, ಸಾಲ ತೆಗೆದುಕೊಂಡವನು, ಮತ್ತು 'ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ' ಎಂದವನು. ಈ ಮೂರನೆಯವನನ್ನು ನಾವು ಶಾಖೆಗೆ ಕರೆಸಿ, ಎದುರಿಗೆ ಕೂರಿಸಿ, ವಿಷಯ ತಿಳಿಸಿ, ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಅವನಿಗೆ ಗೊತ್ತಿಲ್ಲದೆ ಅವನ ತಲೆಯ ಮೇಲೆ ಹೊರೆ ಹೊರಿಸುವುದು ಕಾನೂನಿಗೂ ಸಲ್ಲದು, ನ್ಯಾಯಕ್ಕೂ ಸಲ್ಲದು.

ಆದರೆ ಬ್ಯಾಂಕಿನ ಬಾಗಿಲಾಚೆ? ಅಲ್ಲಿ ದಿನಾ ಎಷ್ಟೋ ಜನ ತಮಗೇ ಗೊತ್ತಿಲ್ಲದೆ ಯಾರ ಯಾರಿಗೋ ಜಾಮೀನು ನಿಂತಿರುತ್ತಾರೆ. ನಿವೃತ್ತನಾದ ಮೇಲೆ ಹೈದರಾಬಾದಿನಲ್ಲೇ ಉಳಿದ ನನಗೆ ಇದು ಹೊಳೆದದ್ದು ಒಂದು ಲಾರಿಯ ಸೊಟ್ಟಗಾದ ಮುಂದಿನ ಆಕ್ಸಲ್ ನೋಡಿ.

ನಾನಿರೋದು ವನಸ್ಥಲಿಪುರಂ ಕಡೆ. ವಿಜಯವಾಡ ರಸ್ತೆಯ ಆಟೋನಗರ ಇಲ್ಲಿಗೆ ಹತ್ತಿರ. ನಮ್ಮ ಬೀದಿಯಲ್ಲಿ ಹುಮನಾಬಾದ್ ಕಡೆಯವರೊಬ್ಬರಿದ್ದಾರೆ. ಒಂದೇ ಲಾರಿ, ಮಾಲೀಕರೂ ಅವರೇ, ಡ್ರೈವರೂ ಅವರೇ. ನಮ್ಮ ಕಡೆಯ ತೊಗರಿಬೇಳೆ ಇಲ್ಲಿಗೆ ತರ್ತಾರೆ, ಇಲ್ಲಿಂದ ಸಿಕ್ಕ ಸರಕು ಅಲ್ಲಿಗೆ ಒಯ್ತಾರೆ. ಒಂದು ರಾತ್ರಿ ಹೊರೆ ತುಂಬಿದ ಗಾಡಿ ದೊಡ್ಡ ಗುಂಡಿಗೆ ಬಿತ್ತು. ಆಮೇಲೆ ಸ್ಟೇರಿಂಗ್ ಒಂದು ಕಡೆಗೇ ಎಳೆಯೋದು, ಮುಂದಿನ ಟೈರು ಒಳಗಿನ ಅಂಚಿನಲ್ಲಿ ಮಾತ್ರ ಸವೆಯೋದು ಶುರುವಾಯಿತು. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಿ ಉಸ್ತಾದನನ್ನು ಕರೆಸಿದರು. ಈ ಊರಲ್ಲಿ ಮೆಕ್ಯಾನಿಕ್ಕಿಗೆ ಉಸ್ತಾದ್ ಅನ್ನೋದೇ ಮರ್ಯಾದೆ.

ಫೋರ್ ವೀಲ್ ಜೀಪಿಗಾದರೆ ಮುಂದಿನ ಆಕ್ಸಲ್ ಕೊಳವೆಯಂತೆ ಇರುತ್ತೆ, ಒಳಗೆ ಶಾಫ್ಟು ತಿರುಗುತ್ತೆ. ಸಾಮಾನ್ಯ ಲಾರಿಯದು ಕೊಳವೆಯಲ್ಲ, ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ ಗಟ್ಟಿ ಉಕ್ಕಿನ ತೊಲೆ. ಎರಡು ತುದಿಯಲ್ಲಿ ಕಿಂಗ್ ಪಿನ್, ಅದಕ್ಕೆ ಚಕ್ರ. ನಡುವೆ ಎರಡು ಕಡೆ ಪಟ್ಟಿಗಳು ಕೂತು, ಗಾಡಿಯ ಮುಂಭಾಗದ ಭಾರವನ್ನೆಲ್ಲ ಅದರ ಮೇಲೆ ಹೇರುತ್ತವೆ. ಚಕ್ರ ಗುಂಡಿಗೆ ಬಿದ್ದಾಗ ತೊಲೆಯ ತುದಿ ಮೇಲಕ್ಕೆ ಬಾಗುತ್ತೆ, ಚಕ್ರದ ತಲೆ ಒಳಕ್ಕೆ ವಾಲುತ್ತೆ. ಟೈರಿನ ಒಳ ಅಂಚು ಸವೆಯೋದು ಅದಕ್ಕೇ.

ಇದನ್ನು ನೆಟ್ಟಗೆ ಮಾಡಲು ದಾರಿ ಎರಡು. ಒಂದು, ತೊಲೆಯನ್ನು ಗಟ್ಟಿ ಗರ್ಡರಿಗೆ ಸರಪಳಿಯಿಂದ ಬಿಗಿದು, ಕಾಯಿಸದೆ, ಜಾಕಿನಿಂದಲೋ ಪ್ರೆಸ್ಸಿನಿಂದಲೋ ಒತ್ತೋದು. ಇನ್ನೊಂದು, ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಡಿಯೋದು. ಎರಡನೆಯದು ಸುಲಭ, ಬೇಗ ಆಗುತ್ತೆ. ಆದರೆ ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ, ತಣಿಸಿ ಕೊಟ್ಟ ಹದ ಆ ಜಾಗದಲ್ಲಿ ಹೋಗಿಬಿಡುತ್ತೆ. ಮೊದಲ ದಾರಿಯಲ್ಲೂ ಬಾಗು ಜಾಸ್ತಿಯಿದ್ದರೆ ಕೂದಲೆಳೆಯಂಥ ಬಿರುಕು ಉಳಿದಿರಬಹುದು. ಹಳೇ ಮೆಕ್ಯಾನಿಕ್ಕುಗಳು ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ನೋಡ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ, ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತೆ. ಬಿರುಕು ಅವತ್ತೇ ಏನೂ ಮಾಡೋದಿಲ್ಲ. ಸಾವಿರಾರು ಕಿಲೋಮೀಟರಿನ ಕುಲುಕಾಟದಲ್ಲಿ ನಿಧಾನವಾಗಿ ಬೆಳೆದು, ಒಂದು ದಿನ ಬ್ರೇಕ್ ಒತ್ತಿದ ಹೊತ್ತಿಗೆ ಮುರಿಯುತ್ತೆ. ಅಷ್ಟು ಹೊತ್ತಿಗೆ ರಿಪೇರಿ ಮಾಡಿದವನೂ ಅದನ್ನು ಮರೆತಿರುತ್ತಾನೆ, ಮಾಡಿಸಿದವನೂ ಮರೆತಿರುತ್ತಾನೆ.

ಉಸ್ತಾದ್ ನೋಡಿ ಹೇಳಿದ: "ಸೀಧಾ ಕರ್ ದೇತೂಂ, ಗ್ಯಾರಂಟಿ ನಕ್ಕೋ ಪೂಛೋ." ನೆಟ್ಟಗೆ ಮಾಡಿಕೊಡ್ತೀನಿ, ಗ್ಯಾರಂಟಿ ಮಾತ್ರ ಕೇಳಬೇಡಿ. ನನ್ನ ಕಿವಿ ನಿಮಿರಿದ್ದು ಆ ಗ್ಯಾರಂಟಿ ಎಂಬ ಮಾತಿಗೆ. ಮಾಡುವವನು ಗ್ಯಾರಂಟಿ ಕೊಡಲ್ಲ, ಮಾಡಿಸುವವನು ಕೇಳಲ್ಲ. ಹಾಗಾದರೆ ಈ ವ್ಯವಹಾರಕ್ಕೆ ಜಾಮೀನು ಯಾರು? ಎದುರಿಗೆ ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನು. ಅವನು ಸಹಿ ಹಾಕಿಲ್ಲ, ಅವನನ್ನು ಯಾರೂ ಕೇಳಿಯೂ ಇಲ್ಲ.

ನೆರೆಯವರಿಗೆ ಇದನ್ನೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಸಾಹೇಬ್ರ, ಹೊಸಾದು ಹಾಕ್ಸ್ರಿ ಅನ್ನೋದು ಸಸಾರ ಅದ. ಕಂತು ಯಾರ್ ಕಟ್ಟತಾರ? ಗಾಡಿ ಎಂಟ್ ದಿನ ನಿಂತ್ರ ಮನ್ಯಾಗ ಒಲಿ ಹತ್ತಂಗಿಲ್ಲ. ಮತ್ತ ನಡಸಾವ ನಾನೇ. ಏನಾದ್ರ ಆದ್ರ ಮೊದಲ ನನಗೇ ಆಗ್ತದ" ಅಂದರು.

ಇದರಲ್ಲಿ ಎರಡು ಮಾತಿವೆ, ಎರಡಕ್ಕೂ ಉತ್ತರ ಕೊಡಬೇಕು. 'ಮೊದಲ ನನಗೇ ಆಗ್ತದ' ಅನ್ನೋದು ಧೈರ್ಯದ ಮಾತು, ಸುಳ್ಳೂ ಅಲ್ಲ. ಆದರೆ ಮನುಷ್ಯ ಒಪ್ಪಿಗೆ ಕೊಡಬಹುದಾದದ್ದು ತನ್ನ ಜೀವದ ಮಟ್ಟಿಗೆ ಮಾತ್ರ. ಬಾಗಿಲು ಸೊಟ್ಟಗಾದರೆ, ಬಂಪರು ಹೋದರೆ ಮನೆಯಲ್ಲೇ ತಟ್ಟಿಕೊಳ್ಳಲಿ, ಅದು ಅವನ ಇಷ್ಟ. ಆಕ್ಸಲ್, ಬ್ರೇಕು, ಸ್ಟೇರಿಂಗು ಹಾಗಲ್ಲ. ಅವುಗಳಲ್ಲಿ ರಸ್ತೆಯ ಮೇಲಿನ ಎಲ್ಲರ ಪಾಲೂ ಇದೆ.

ಲೋಕಕ್ಕೆ ಇದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಮ್ಯಾಕ್‌ಫರ್ಸನ್ ಎಂಬಾತನ ಬ್ಯೂಕ್ ಕಾರಿನ ಮರದ ಚಕ್ರ ಮುರಿದು ಅವನಿಗೆ ಪೆಟ್ಟಾಯಿತು. ಕಾರು ಕೊಂಡದ್ದು ಡೀಲರ್ ಕೈಯಿಂದ, ಕಂಪನಿಗೂ ಅವನಿಗೂ ಕರಾರೇ ಇಲ್ಲ ಎಂಬ ವಾದ ಬಂತು. 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೊಜೊ ಆ ವಾದ ಒಪ್ಪಲಿಲ್ಲ. ಅಜಾಗರೂಕತೆಯಿಂದ ಮಾಡಿದರೆ ಜೀವಕ್ಕೆ ಅಪಾಯ ತರುವ ವಸ್ತುವಿನ ವಿಷಯದಲ್ಲಿ, ಮಾಡಿದವನ ಹೊಣೆ ಕರಾರಿಗೆ ನಿಲ್ಲುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಮೂರನೆಯವರ ಸಲುವಾಗಿ ವಿಮೆ ಕಡ್ಡಾಯ ಮಾಡಿದೆ. ಆದರೆ ವಿಮೆ ಬರೋದು ಅನಾಹುತ ಆದ ಮೇಲೆ, ಅದೂ ಹಣವಾಗಿ. ಅದಕ್ಕೆ ಮುಂಚಿನ ಹೊಣೆ ಮನುಷ್ಯನದೇ.

ಹಳ್ಳಿಯಲ್ಲಿ ಈ ಪ್ರಶ್ನೆ ಇಷ್ಟು ಕಷ್ಟವಾಗಿರಲಿಲ್ಲ. ಗಾಡಿಯ ಅಚ್ಚು ಸರಿ ಮಾಡುವ ಕಮ್ಮಾರ ಸುಗ್ಗಿಯಲ್ಲಿ ಆಯ ಪಡೆಯೋದು ಅದೇ ಕಣದಲ್ಲಿ. ಅಚ್ಚು ಮುರಿದು ಬಿದ್ದವನ ಹೆಸರು, ಅವನ ಅಪ್ಪನ ಹೆಸರು ಎಲ್ಲ ಅವನಿಗೆ ಗೊತ್ತು. ಮರುದಿನ ಬಾವಿಕಟ್ಟೆಯಲ್ಲಿ ಮುಖ ತೋರಿಸಬೇಕು. ಊರು ಬಿಟ್ಟು ಬಂದವರಿಗೆ ಆ ಮುಖವೇ ಇಲ್ಲ. ಇಲ್ಲಿ ರಸ್ತೆ ದಾಟುವವನು ತೆಲುಗನೋ, ಒಡಿಶಾದ ಕೂಲಿಯೋ, ನನ್ನಂಥ ಕನ್ನಡಿಗನೋ, ಯಾರಿಗೆ ಗೊತ್ತು? ಪರ ಊರಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಮೂರನೆಯವರೇ. ಹಾಗಾಗಿ ಗುರುತಿನವರಿಗಷ್ಟೇ ಅಂಜುವ ನೀತಿ ಇಲ್ಲಿಗೆ ಸಾಲದು.

ಇನ್ನು ಅವರ ಇನ್ನೊಂದು ಮಾತು, ಕಂತಿನದು. ಅದು ನನ್ನನ್ನು ಸುಮ್ಮನೆ ಬಿಡಲಿಲ್ಲ. ಪಿಂಚಣಿ ತಗೊಂಡು ವರಾಂಡದಲ್ಲಿ ಕೂತವನು ಹೊಸ ಆಕ್ಸಲ್ ಹಾಕಿಸಿ ಅಂತ ಉಪದೇಶ ಮಾಡೋದಕ್ಕೆ ಖರ್ಚೇನಿದೆ? ರಸ್ತೆ ಸುರಕ್ಷಿತವಾಗಿರುವುದರ ಲಾಭ ಎಲ್ಲರಿಗೆ, ಬೆಲೆ ಮಾತ್ರ ಒಂದೇ ಲಾರಿಯವನಿಗೆ ಅಂದರೆ ಅದೂ ನ್ಯಾಯವಲ್ಲ. ಹೊಸ ಬೀಮಿನ ಬೆಲೆಯಲ್ಲಿ ಅರ್ಧವನ್ನು ಕೈಗಡವಾಗಿ ಕೊಟ್ಟೆ. ದಾನವೇನಲ್ಲ, ತಿಂಗಳು ತಿಂಗಳು ವಾಪಸು ಕೊಡ್ತಿದ್ದಾರೆ. ನನ್ನ ಮೊಮ್ಮಗಳ ಸ್ಕೂಲ್ ವ್ಯಾನೂ ಅದೇ ರಸ್ತೆಯಲ್ಲಿ ಹೋಗುತ್ತೆ.

ಹೊಸದು ಹಾಕಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಹಳೇ ಬೀಮನ್ನು ಏನು ಮಾಡೋದು? ಇಡಿಯಾಗಿ ಕೊಟ್ಟರೆ ಹಳೇ ಸಾಮಾನಿನ ಅಂಗಡಿಯವರು ಒಳ್ಳೆ ಬೆಲೆ ಕೊಡ್ತಾರೆ. ಯಾರೋ ಅದನ್ನು ಕಾಯಿಸಿ, ಬಡಿದು, ಬಣ್ಣ ಬಳಿದು ಇನ್ನೊಂದು ಲಾರಿಗೆ ಹಾಕ್ತಾರೆ. ತುಂಡು ಮಾಡಿದರೆ ಬರೀ ಕಬ್ಬಿಣದ ತೂಕದ ರೇಟು. ನೆರೆಯವರು ಸ್ವಲ್ಪ ಹೊತ್ತು ಅದರ ಮೇಲೆ ಕಾಲಿಟ್ಟುಕೊಂಡು ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವರೇ ಉಸ್ತಾದನಿಗೆ "ಕಾಟ್ ದೋ" ಅಂದರು. ಗ್ಯಾಸ್ ಕಟರಿನಲ್ಲಿ ಅದು ಎರಡು ತುಂಡಾಯಿತು.

ಅಷ್ಟು ದುಡ್ಡು ಯಾರಿಗಾಗಿ ಬಿಟ್ಟರು? ಆ ಬೀಮು ಸೇರಬಹುದಾಗಿದ್ದ ಲಾರಿ ಯಾವುದೋ, ಅದರ ಎದುರು ಬರಬಹುದಾಗಿದ್ದವನು ಯಾರೋ ಅವರಿಗೆ ಗೊತ್ತಿಲ್ಲ. ಅವನಿಗೂ ಇವರು ಯಾರೆಂದು ತಿಳಿಯೋದಿಲ್ಲ. ಪರ ಊರಿನಲ್ಲಿ ಬಾಳಲು ನಮ್ಮ ಭಾಷೆ, ನಮ್ಮ ಊಟ, ನಮ್ಮ ಜನ ಎಲ್ಲ ಬೇಕು, ಇಲ್ಲ ಅನ್ನೋದಿಲ್ಲ. ಆದರೆ ನಾವಿಲ್ಲಿ ಜೀವ ಹಿಡಿದು ಓಡಾಡುತ್ತಿರುವುದು ಹೆಸರು ತಿಳಿಯದವರು ಹೀಗೆ ಯಾವುದೋ ಸೈಟಿನಲ್ಲಿ ನಿಂತು ಬಿಟ್ಟುಕೊಟ್ಟ ಲಾಭದ ಮೇಲೆ. ಆ ಸಾಲವನ್ನು ಅವರಿಗೇ ತೀರಿಸಲು ಆಗೋದಿಲ್ಲ, ಇನ್ನೊಬ್ಬ ಅಪರಿಚಿತನಿಗೇ ತೀರಿಸಬೇಕು.