ಸತ್ಯವೂ ಕರುಣೆಯೂ

ರೆಬೆಕಾ ವೆಸ್ಟ್ ಅವರ ‘ದಿ ರಿಟರ್ನ್ ಆಫ್ ದಿ ಸೋಲ್ಜರ್’ ಕಾದಂಬರಿಯು 1918ರಲ್ಲಿ ಪ್ರಕಟವಾಯಿತು. ಮೊದಲನೆಯ ಮಹಾಯುದ್ಧದ ಆಘಾತದಿಂದ ಹದಿನೈದು ವರ್ಷಗಳ ಸ್ಮೃತಿಯನ್ನೇ ಕಳೆದುಕೊಂಡ ಆಂಗ್ಲ ಯೋಧ ಕ್ರಿಸ್‌ಗೆ ಪತ್ನಿ ಕಿಟ್ಟಿಯು ಅಪರಿಚಿತೆ. ಯೌವನದ ಪ್ರೇಯಸಿ ಮಾರ್ಗರೆಟ್ ಸರ್ವಸ್ವ. ಮರೆವಿನಲ್ಲಿ ಅವನು ಸುಖಿ. ಗುಣ ಹೊಂದಿದರೆ ಮತ್ತೆ ರಣರಂಗಕ್ಕೆ ಹೋಗಲೇಬೇಕು. ಹಾಗಾದರೆ ಅವನಿಂದ ಸತ್ಯವನ್ನು ಮರೆಮಾಡುವುದು ಕರುಣೆಯೆನಿಸೀತೆ?

ತೀರಿಹೋದ ಮಗುವಿನ ನೆನಪು ಅವನನ್ನು ಎಚ್ಚರಿಸಬಲ್ಲದೆಂದು ಬಲ್ಲ ಮಾರ್ಗರೆಟ್ ಮೊದಲು ಹಿಂಜರಿಯುತ್ತಾಳೆ. ಕೊನೆಗೆ ಆ ಮಗುವಿನ ಅಂಗಿಯನ್ನೂ ಚೆಂಡನ್ನೂ ಹಿಡಿದು ತಾನೇ ಅವನ ಬಳಿಗೆ ಹೋಗುತ್ತಾಳೆ. ಕಿಟ್ಟಿ ಬಯಸಿದ್ದೂ ಇದನ್ನೇ. ಆದರೆ ಕಿಟ್ಟಿಗೆ ಪತಿಯನ್ನು ಪಡೆಯುವ ಆಸೆ. ಮಾರ್ಗರೆಟ್‌ಳದು ಪ್ರಿಯನನ್ನು ಬಿಟ್ಟುಕೊಡುವ ತ್ಯಾಗ. ಕಾರ್ಯ ಒಂದೇ, ಭಾವ ಬೇರೆ.

ಭ್ರಮೆಯಲ್ಲಿರಿಸಿ ಸುಖಪಡಿಸುವುದೆಂದರೆ ಒಬ್ಬನ ಬಾಳನ್ನು ಅವನಿಂದಲೇ ಕಸಿದಂತೆ. ಗುಣ ಹೊಂದುವುದೇ ಮರಣದ ಹಾದಿಯಾದರೆ ಆ ದೋಷ ಸತ್ಯದ್ದಲ್ಲ, ಯುದ್ಧದ್ದು.