ಮಗು ಬೆಳೆಸಿದ ಕುಂಬಳಕಾಯಿ



ಮಕ್ಕಳಿಗೆ ನಾವು ಬಾಯಿಂದ ಹೇಳುವ ನೀತಿ ಒಂದು, ಕೈಯಿಂದ ಮಾಡಿ ತೋರಿಸುವ ನೀತಿ ಇನ್ನೊಂದು. ಮಗು ಕಲಿಯುವುದು ಎರಡನೆಯದನ್ನೇ. ಇದು ನನಗೆ ಮನದಟ್ಟಾದದ್ದು ಒಂದು ಬೂದುಗುಂಬಳಕಾಯಿಯಿಂದ.

ಮೇಚೇರಿಯ ನಮ್ಮ ಹಿತ್ತಲಿನಲ್ಲಿ ಆರು ವರ್ಷದ ಮೊಮ್ಮಗಳು ಜೂನ್ ತಿಂಗಳಲ್ಲಿ ಮೂರು ಬೀಜ ಊರಿದಳು. ಕುರಿಗೊಬ್ಬರ ಹಾಕಿ, ದಿನವೂ ಚೊಂಬಿನಲ್ಲಿ ನೀರೆರೆದಳು. ಬಳ್ಳಿಯಲ್ಲಿ ಮೊದಲು ಗಂಡು ಹೂವೇ ಬಿಟ್ಟಿತು. ಕಾಯಿ ಎಲ್ಲಿ ಎಂದು ಪೀಡಿಸಿದಳು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಪಿಂದೆ ಇರುತ್ತದೆ. ಜೇನುನೊಣ ಗಂಡು ಹೂವಿನ ಪರಾಗ ತಂದರೆ ಅದು ನಿಲ್ಲುತ್ತದೆ, ಇಲ್ಲವಾದರೆ ಹಳದಿಯಾಗಿ ಉದುರುತ್ತದೆ ಎಂದು ತೋರಿಸಿದೆ. ಅಂದಿನಿಂದ ಅವಳು ಜೇನುನೊಣವನ್ನು ಓಡಿಸುವುದನ್ನು ಬಿಟ್ಟಳು.

ಆಯುಧಪೂಜೆಯ ಹೊತ್ತಿಗೆ ಕಾಯಿ ಬಲಿತು ಮೈಮೇಲೆ ಬೂದಿ ಕಟ್ಟಿತು. ಅವಳೇ ಸುಣ್ಣದಿಂದ ಕಣ್ಣು, ಕುಂಕುಮದಿಂದ ಬಾಯಿ ಬರೆದಳು. ಅದು ನಗುಮುಖ. ಸಂಜೆ ನನ್ನ ಮಗ ಅದನ್ನೇ ಎತ್ತಿ, ಅಂಗಡಿಗೆ ದೃಷ್ಟಿ ತೆಗೆದು ಬೀದಿಯಲ್ಲಿ ಒಡೆದ. ಮಗು ಅಳಲಿಲ್ಲ. "ತಾತಾ, ಅದು ಏನು ತಪ್ಪು ಮಾಡಿತ್ತು?" ಎಂದು ಕೇಳಿತು. ನಾನು ಸುಮ್ಮನಾದೆ. ಮಗನನ್ನು ತಡೆಯದಿದ್ದವನು ನಾನೇ ಅಲ್ಲವೇ?

ಪ್ರಾಣಿಬಲಿಯ ಬದಲಿಗೆ ಕುಂಬಳಕಾಯಿ ಬಂತು, ಅದೂ ದಯೆಯೇ ಎಂದು ಹಿರಿಯರು ಹೇಳುವುದುಂಟು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕುರಿಯಿಂದ ಕಾಯಿಗೆ ಬಂದ ದಯೆ ಅಲ್ಲಿಗೇ ನಿಲ್ಲಬೇಕೆ? ಒಡೆದ ಚೂರಿನ ಮೇಲೆ ಬೈಕಿನವರು ಜಾರಿ ಬೀಳುತ್ತಾರೆ. ರಸ್ತೆಯಲ್ಲಿ ಒಡೆಯಬೇಡಿ ಎಂದು ಪೊಲೀಸರು ಕೇಳಿಕೊಳ್ಳುವುದು ಅದಕ್ಕೇ. ನಮ್ಮ ಅಂಗಡಿಯ ಕೇಡು ಕಳೆಯಲು ಪರರ ಕಾಲಡಿ ಕೇಡು ಇಡುವುದು ಯಾವ ಧರ್ಮ? ಎದೆಯ ಮೇಲೆ ಇಷ್ಟಲಿಂಗ ಧರಿಸಿದವರು ನೆರೆಯವರ ಕಣ್ಣಿಗೆ ಅಂಜಬೇಕೆ?

ಪಶ್ಚಿಮ ದೇಶಗಳಲ್ಲಿ ಅಕ್ಟೋಬರ್ 31ರಂದು ಮಕ್ಕಳು ಸಿಹಿಗುಂಬಳಕ್ಕೆ ಭಯಂಕರ ಮುಖ ಕೊರೆದು ಒಳಗೆ ದೀಪವಿಡುತ್ತಾರೆ. ಐರ್ಲೆಂಡಿನವರು ಮೊದಲು ಅದನ್ನು ಟರ್ನಿಪ್ ಗೆಡ್ಡೆಯಲ್ಲಿ ಮಾಡುತ್ತಿದ್ದರಂತೆ. ಅಲ್ಲಿಯೂ ಅದು ಭಯದಿಂದ ಹುಟ್ಟಿದ ಆಚಾರ. ಈಗ ಮಕ್ಕಳ ಆಟವಾಗಿದೆ. ಭಯವನ್ನು ಆಟವಾಗಿಸಬಹುದಾದರೆ ಅನ್ನವಾಗಿಸಲು ಬಾರದೆ?

ಮಗುವಿನ ಬೆವರು ಬಿದ್ದ ಕಾಯಿ ಅವಳ ಕಾಯಕದ ಫಲ. ಕಾಯಕದ ಫಲ ಸೇರಬೇಕಾದದ್ದು ದಾಸೋಹಕ್ಕೆ, ಚರಂಡಿಗಲ್ಲ. ಮರುವರ್ಷ ಬೀಜ ಊರಲು ಅವಳು ಒಪ್ಪಲಿಲ್ಲ. "ಒಡೆಯುವುದಿಲ್ಲ" ಎಂದು ಅವಳ ಅಪ್ಪನೇ ಮಾತು ಕೊಟ್ಟ ಮೇಲೆ ಊರಿದಳು. ಆ ವರ್ಷವೂ ಕಾಯಿಗೆ ಮುಖ ಬರೆದು ಪೂಜೆಯಲ್ಲಿ ಇಟ್ಟೆವು. ಮರುದಿನ ತೊಳೆದು ಹೆಚ್ಚಿ, ಮಜ್ಜಿಗೆಹುಳಿ ಮಾಡಿ, ಅಕ್ಕಪಕ್ಕದ ಮನೆಗಳಿಗೂ ಅವಳ ಕೈಯಿಂದಲೇ ಹಂಚಿಸಿದೆವು. ಒಳಗಿದ್ದ ನೂರಾರು ಬೀಜಗಳನ್ನು ಒಣಗಿಸಿ ಗೆಳತಿಯರಿಗೆ ಕೊಟ್ಟಳು.

ಅಂಗಡಿಗೆ ಏನೂ ಕೇಡಾಗಲಿಲ್ಲ. ಆಗಿದ್ದರೂ ಅದು ಕಾಯಿ ಒಡೆಯದ್ದರಿಂದ ಆದದ್ದಲ್ಲ.

ಬಂಧುಗಳೇ, ಈ ಸಲ ನಿಮ್ಮ ಮಕ್ಕಳ ಕೈಯಿಂದ ಒಂದು ಬೀಜ ಊರಿಸಿ. ಕಾಯಿ ಬಂದಾಗ ಅದನ್ನು ಏನು ಮಾಡಬೇಕೆಂದು ಅವರನ್ನೇ ಕೇಳಿ. ಆ ಉತ್ತರಕ್ಕೆ ತಲೆಬಾಗುವುದು ಹಿರಿಯರಾದ ನಮಗೆ ಕಲಿಕೆಯೇ ಹೊರತು ಅವಮಾನವಲ್ಲ.