ಮಿನುಗುವ ಚಿತ್ರ ಮತ್ತು ಪ್ರಮಾದ

1997ರ ಡಿಸೆಂಬರ್ 16ರ ಸಂಜೆ ಜಪಾನಿನ ದೂರದರ್ಶನದಲ್ಲಿ ‘ಪೋಕೆಮಾನ್’ ಎಂಬ ಮಕ್ಕಳ ಕಾರ್ಟೂನ್ ಮಾಲಿಕೆಯ ಒಂದು ಕಂತು ಪ್ರಸಾರವಾಯಿತು. ಅದರ ಒಂದು ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬೆಳಕುಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದವು. ಕೆಲವೇ ಕ್ಷಣಗಳ ದೃಶ್ಯವದು. ಅಂದು 600ಕ್ಕೂ ಹೆಚ್ಚು ಜನರನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಅನೇಕರಿಗೆ ಅಪಸ್ಮಾರದ ಸೆಳವು ಬಂದಿತ್ತು. ಚಿತ್ರ ರಚಿಸಿದವರಿಗೆ ಮಕ್ಕಳನ್ನು ನೋಯಿಸುವ ಇಚ್ಛೆ ಲೇಶವೂ ಇರಲಿಲ್ಲ. ಹಾಗಾದರೆ ಅಲ್ಲಿ ನಡೆದುದು ಹಿಂಸೆಯೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನೂ ಸೇರಿಸಿದ್ದಾರೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಜೀವಿಯೊಂದು ಅಕಸ್ಮಾತ್ತಾಗಿ ಸಿಕ್ಕಿದರೆ ಅವನಿಗೆ ದೋಷವಿಲ್ಲ. ಎಚ್ಚರಗೆಟ್ಟು ನಡೆದವನಿಗೆ ಜೀವಿ ಸಾಯದಿದ್ದರೂ ದೋಷವುಂಟು. ಅಂದಿನ ಚಿತ್ರಕಾರರು ತಮಗೆ ತಿಳಿದಿರಲಿಲ್ಲವೆಂದು ಹೇಳಬಹುದಾಗಿತ್ತು.

ಇಂದು ಆ ಮಾತಿಗೆ ಎಡೆಯಿಲ್ಲ. 2008ರಲ್ಲಿ ಪ್ರಕಟವಾದ ಅಂತರಜಾಲದ ಸುಗಮ್ಯತಾ ಮಾರ್ಗಸೂಚಿಯ ಎರಡನೆಯ ಆವೃತ್ತಿಯು ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಏನೂ ಮಿನುಗಬಾರದೆಂದೂ, ಇತರ ವಿಷಯದ ಜೊತೆಯಲ್ಲಿ ತಾನಾಗಿ ಆರಂಭವಾಗಿ 5 ಸೆಕೆಂಡಿಗೂ ಮೀರಿ ಚಲಿಸುವ ಚಿತ್ರವನ್ನು ನೋಡುಗನು ನಿಲ್ಲಿಸುವಂತಿರಬೇಕೆಂದೂ ಹೇಳುತ್ತದೆ. ಕಾಣದವರಿಗಾಗಿ ಚಿತ್ರಕ್ಕೆ ಮಾತಿನ ವಿವರಣೆ ಇರಬೇಕೆಂಬುದೂ ಅದರಲ್ಲಿದೆ. ಅಪಸ್ಮಾರವುಳ್ಳವರಿಗೆ ಹಾನಿ ಮಾಡಲೆಂದೇ ಮಿನುಗುವ ಚಿತ್ರ ಕಳುಹಿಸುವುದನ್ನು ಬ್ರಿಟನ್ 2023ರ ಕಾಯಿದೆಯಿಂದ ಅಪರಾಧವಾಗಿಸಿತು. ಆದರೆ ಕಾಯಿದೆ ಹಿಡಿಯುವುದು ಸಂಕಲ್ಪವನ್ನು; ಪ್ರಮಾದವು ಅದರ ಬಲೆಗೆ ಬೀಳುವುದಿಲ್ಲ.

ಮಹಾವೀರ ಜಯಂತಿಯಂದು ದೂರವಾಣಿಗಳಲ್ಲಿ ಹರಿದಾಡುವ ಶುಭಾಶಯಗಳನ್ನೇ ನೋಡಬಹುದು. ದೀಪಗಳು ಮಿಣಮಿಣನೆ ಮಿನುಗುತ್ತವೆ, ಅಕ್ಷರಗಳು ಸುತ್ತುತ್ತ ಬಂದು ಕೂಡುತ್ತವೆ. ಚಲನೆ ಕಂಡರೆ ತಲೆಸುತ್ತುವವರಿಗೆ ಅದು ಯಾತನೆ. ದೃಷ್ಟಿಹೀನ ಶ್ರಾವಕನ ದೂರವಾಣಿಯಾದರೋ ಬರಹವನ್ನು ಓದಿ ಹೇಳುತ್ತದೆ, ಇಲ್ಲಿ ಮಾತ್ರ ‘ಚಿತ್ರ’ ಎಂದಷ್ಟೇ ನುಡಿದು ಸುಮ್ಮನಾಗಬಹುದು. ಪೂಜೆಯ ವೇಳೆಯೂ ಸ್ಥಳವೂ ಆ ಚಿತ್ರದೊಳಗೇ ಉಳಿದುಹೋಗುತ್ತವೆ. ಕೆಳಗೆ ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ದೀಪವನ್ನು ನಂದಿಸಬೇಕೆಂದು ಯಾರೂ ಕೇಳುತ್ತಿಲ್ಲ. ಅದು ಸ್ಥಿರವಾಗಿ ಉರಿದರೂ ದೀಪವೇ.

ಕಣ್ಣಿಗೆ ಕಾಣದ ಜೀವಗಳಿಗಾಗಿ ನೀರನ್ನು ಸೋಸಿ ಕುಡಿಯುವ ಮನೆಗಳಿಗೆ ಕಾಣದ ನೋಡುಗನನ್ನು ನೆನೆಯುವುದು ಹೊಸ ವಿದ್ಯೆಯೇನಲ್ಲ. ತೊಂದರೆಯುಳ್ಳವರು ನೋಡದಿದ್ದರಾಯಿತು ಎಂಬ ಸಮಾಧಾನವೊಂದು ಕೇಳಿಬರುತ್ತದೆ. ಜಪಾನಿನಲ್ಲಿ ಸೆಳವಿಗೆ ಒಳಗಾದ ಮಕ್ಕಳಲ್ಲಿ ಅನೇಕರಿಗೆ ಅದಕ್ಕೆ ಮುನ್ನ ಒಮ್ಮೆಯೂ ಸೆಳವು ಬಂದಿರಲಿಲ್ಲ. ಅಂಥ ದೌರ್ಬಲ್ಯ ತಮಗಿದೆಯೆಂದು ಅವರಿಗೆ ತಿಳಿದುದು ಆ ಸಂಜೆಯೇ.